ಒದ್ದೆ ಕೈ

“ಸುಳ್ಳು ಹೇಳೋ ಯಂತ್ರಕ್ಕೆ ತಣ್ಣನೆ ಕೋಣೆ ಬೇರೆ ಕೇಡು!” ಅಕ್ಕ ಬಾಗಿಲು ದೂಡಿಕೊಂಡೇ ಕೂಗಿದಳು.

“ಸುಳ್ಳು ಹೇಳಿದ್ದು ಯಂತ್ರ ಅಲ್ಲ, ನಿನ್ನ ಜನ,” ತಮ್ಮ ಕುರ್ಚಿಯಿಂದ ಎದ್ದ. “ಆಪರೇಷನ್ ಥಿಯೇಟರಿನ ಬಟ್ಟೆ ಇಸ್ತ್ರಿಯಾಗಿ ವ್ಯಾನ್ ಹತ್ತಿದೆ ಅಂತ ನಿನ್ನೆ ಕಂಪ್ಯೂಟರ್ ಪರದೆ ಹಸಿರು ತೋರಿಸ್ತು. ಅದನ್ನ ನಂಬಿ ಆಸ್ಪತ್ರೆಯವರಿಗೆ ಮಾತು ಕೊಟ್ಟೆ. ಅವರು ರೋಗಿನ ಮೇಜಿನ ಮೇಲೆ ಮಲಗಿಸ್ಕೊಂಡು ಕಾದು ಕಾದು, ಕೊನೆಗೆ ಆಪರೇಷನ್ನೇ ಮುಂದೂಡಿದ್ರು!”

“ಆಗ ಬಟ್ಟೆ ಎಲ್ಲಿತ್ತು ಗೊತ್ತಾ? ನನ್ನ ಯಂತ್ರದ ಹೊಟ್ಟೆಯಲ್ಲಿ, ನೊರೆಯೊಳಗೆ ತಿರುಗ್ತಾ ಇತ್ತು.”

ಆಸ್ಪತ್ರೆಗಳ ಹಾಸು ಹೊದಿಕೆ ಒಗೆದುಕೊಡುವ ಆ ಕಾರ್ಖಾನೆ ಇಬ್ಬರದೂ. ಕೆಳಗಿನ ಒಗೆತ ಅಕ್ಕನದು, ಮೇಲಿನ ಕಂಪ್ಯೂಟರ್ ತಮ್ಮನದು. ನಡುವೆ ಒಂದು ಮೆಟ್ಟಿಲ ಸಾಲು. ಅದನ್ನು ಇಳಿದು ತಮ್ಮನ ಬೂಟು ಒದ್ದೆಯಾದದ್ದನ್ನು ಯಾರೂ ಕಂಡಿರಲಿಲ್ಲ. ಅಂದು ಹೊಸ ಗಿರಾಕಿಗಳಾದ ದೊಡ್ಡಾಸ್ಪತ್ರೆಯವರು ಕಾರ್ಖಾನೆ ನೋಡಲು ಬರುವವರಿದ್ದರು. ಅವರ ಕೆಲಸ ಸಿಕ್ಕರೆ ಕಾರ್ಖಾನೆ ಉಳಿಯುತ್ತಿತ್ತು, ಇಲ್ಲವಾದರೆ ಅರ್ಧ ಜನರನ್ನು ಮನೆಗೆ ಕಳಿಸಬೇಕಿತ್ತು. ಅವರಿಗೆ ತೋರಿಸಲೆಂದು ತಮ್ಮ ಇಟ್ಟುಕೊಂಡಿದ್ದದ್ದು ಅದೇ ಹಸಿರು ಪರದೆ, ಜೊತೆಗೆ ಗೋಡೆ ತುಂಬ ತಾನೇ ಬರೆದು ಅಂಟಿಸಿದ್ದ ಇಡೀ ಕಾರ್ಖಾನೆಯ ನಕ್ಷೆ. ಯಾವ ಕೆಲಸದ ಬೆನ್ನಿಗೆ ಯಾವ ಕೆಲಸ, ಯಾವ ಸುದ್ದಿ ಎಲ್ಲಿಂದ ಎಲ್ಲಿಗೆ, ಎಲ್ಲವೂ ಚೌಕ, ಎಲ್ಲವೂ ಬಾಣ.

“ಇದ್ರಲ್ಲಿ ನಾನೆಲ್ಲಿದ್ದೀನಪ್ಪಾ?” ಅಕ್ಕ ಕೇಳಿದಳು.

ತಮ್ಮ ಮೂಲೆಯ ಚೌಕವೊಂದನ್ನು ತೋರಿಸಿದ. ‘ಒಗೆತ’ ಎಂದಷ್ಟೇ ಇತ್ತು.

“ಬೆಂಕಿಪೊಟ್ಟಣದಷ್ಟಿದೆಯಲ್ಲೋ! ಅಷ್ಟೂ ಜನ ಇದರೊಳಗೆ ಕಡ್ಡಿಗಳ ಹಾಗೆ ಮಲಗಬೇಕೇನು?”

“ಬಟ್ಟೆ ಒಳಗೆ ಹೋಗುತ್ತೆ, ಹೊರಗೆ ಬರುತ್ತೆ. ಇನ್ನೇನು ಬರೀಲಿ? ಒಂದೊಂದು ಕೆಲಸ ಮುಗಿದಾಗಲೂ ಟ್ಯಾಬ್ ಮುಟ್ಟಿ, ಪರದೆ ಹಸಿರಾಗುತ್ತೆ ಅಂದ್ರೆ ಅದೂ ಭಾರ ನಿನ್ನ ಜನಕ್ಕೆ!”

ಅಕ್ಕ ಮೇಜಿನ ಮೇಲಿದ್ದ ಲೋಟ ಎತ್ತಿ ನೀರನ್ನು ಅವನ ಕೈಮೇಲೆ ಸುರಿದಳು. ಟ್ಯಾಬನ್ನು ಮುಂದಕ್ಕೆ ತಳ್ಳಿದಳು. “ಮುಟ್ಟು.”

ಮುಟ್ಟಿದ. ಅದು ಅಲುಗಲಿಲ್ಲ. ಮತ್ತೆ ಒತ್ತಿದ. ಬೇರೆಲ್ಲಿಗೋ ಹಾರಿತು. ಅಂಗಿಗೆ ಕೈ ಒರೆಸಿಕೊಳ್ಳಹೋದ.

“ಮೂಟೆಗೊಂದು ಸಲ ಹೀಗೆ ಒರೆಸ್ಕೊಂಡ್ರೆ ಒಗೆಯೋದು ಯಾವಾಗ? ಅದಕ್ಕೇ ಬೆಳಿಗ್ಗೆ ಬಂದ ತಕ್ಷಣ, ಕೈ ಒಣಗಿರುವಾಗಲೇ, ಒಗೆದಾಯ್ತು, ಒಣಗಿಸಿದ್ದಾಯ್ತು, ವ್ಯಾನ್ ಹತ್ತಿಸಿದ್ದಾಯ್ತು ಅಂತ ಎಲ್ಲಾ ಒತ್ತಿಬಿಡ್ತಾರೆ. ಆಮೇಲೆ ಒಗೆಯೋಕೆ ಇಳೀತಾರೆ. ಇವತ್ತೂ ಅಷ್ಟೇ.”

ತಮ್ಮ ಟ್ಯಾಬನ್ನು ಪಕ್ಕಕ್ಕೆ ಸರಿಸಿದ. “ನಿನಗೆ ಯಾವತ್ತಿಂದ ಗೊತ್ತು?”

“ಮೊದಲಿಂದ. ನೀನು ಕೇಳಿದ್ರೆ ತಾನೇ ಹೇಳೋದು?”

“ತಮ್ಮ ಹಳ್ಳಕ್ಕೆ ಬೀಳೋದನ್ನ ದಡದಲ್ಲಿ ನಿಂತು ನೋಡ್ಬೇಕಿತ್ತು, ಅಲ್ವಾ? ಆದ್ರೆ ಬಿದ್ದವನು ನಾನಲ್ಲ ಅಕ್ಕಾ. ಆ ಆಪರೇಷನ್ ಮೇಜಿನ ಮೇಲೆ ಮಲಗಿದ್ದವನು.”

ಯಾವ ಜಗಳದಲ್ಲೂ ಕೊನೆಯ ಮಾತು ಬಿಟ್ಟುಕೊಡದ ಅಕ್ಕ ಖಾಲಿ ಲೋಟವನ್ನು ಮೆಲ್ಲನೆ ಮೇಜಿನ ಮೇಲಿಟ್ಟಳು.

ತಮ್ಮ ಕಂಪ್ಯೂಟರಿನತ್ತ ತಿರುಗಿ ಬೆಳಿಗ್ಗೆ ಒತ್ತಿದ್ದನ್ನೆಲ್ಲ ಅಳಿಸಿಹಾಕಿದ. ಹಸಿರಾಗಿದ್ದ ಪರದೆ ಮೇಲಿಂದ ಕೆಳಗಿನವರೆಗೆ ಕೆಂಪಾಯಿತು. ಗೋಡೆಯ ನಕ್ಷೆಯನ್ನು ಪರ್ರನೆ ಕಿತ್ತು, ಸುತ್ತಿ, ಕಂಕುಳಲ್ಲಿಟ್ಟುಕೊಂಡು ನಡೆದೇಬಿಟ್ಟ. ಬಾಗಿಲನ್ನೂ ಹಾಕಲಿಲ್ಲ.

ಹೋದ, ಅಂದುಕೊಂಡಳು ಅಕ್ಕ. ಮುನಿದರೆ ಹಿಂದಿರುಗಿ ನೋಡುವವನಲ್ಲ ಅವನು. ಹೊರಗೆ ಕಾರಿನ ಸದ್ದಿಗೆ ಕಿವಿಗೊಟ್ಟಳು. ಸದ್ದಿಲ್ಲ. ಗಾಜಿನ ಕಿಟಕಿಯಿಂದ ಕೆಳಗೆ ಬಗ್ಗಿ ನೋಡಿದಳು. ತಮ್ಮ ಬರಿಗಾಲಲ್ಲಿ, ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡು ಹಬೆಯ ನಡುವೆ ನಿಂತಿದ್ದ. ನಕ್ಷೆಯನ್ನು ಮಗುಚಿ ಇಸ್ತ್ರಿ ಮೇಜಿನ ಮೇಲೆ ಹರಡಿದ್ದ. ಅದರ ಖಾಲಿ ಬೆನ್ನಿನ ಮೇಲೆ ಒಂದು ಗೆರೆ ಎಳೆಯುತ್ತಿದ್ದ, ತಲೆಯೆತ್ತಿ ಇಸ್ತ್ರಿಯವಳನ್ನು ಏನೋ ಕೇಳುತ್ತಿದ್ದ. ಆಮೇಲೆ ಒದ್ದೆ ನೆಲವನ್ನು ಕಾಲಿನಿಂದ ಒತ್ತಿ ತೋರಿಸಿದ: ಟ್ಯಾಬಿನ ಬದಲು ಒತ್ತುವ ಗುಂಡಿಯೊಂದನ್ನು ಕಾಲಡಿ ಇಟ್ಟರೆ? ಇಸ್ತ್ರಿಯವಳು ನಗುತ್ತ ತಾನೂ ಒಮ್ಮೆ ಒತ್ತಿದಳು.

ಅಂದು ಮೆಟ್ಟಿಲಿಳಿದವನು ಮತ್ತೆಂದೂ ಆ ಕೋಣೆಗೆ ಹತ್ತಲಿಲ್ಲ.

ಅಷ್ಟರಲ್ಲಿ ಮೇಜಿನ ಫೋನು ಹೊಡೆದುಕೊಂಡಿತು. ಗೇಟಿನ ಕಾವಲುಗಾರ. “ದೊಡ್ಡಾಸ್ಪತ್ರೆಯವರು ಬಂದ್ರು ಅಮ್ಮಾ. ಮೇಲೆ ತಣ್ಣನೆ ಕೋಣೆಗೆ ಕಳಿಸ್ಲಾ?”

ಅಕ್ಕ ಕೆಂಪು ಪರದೆಯನ್ನು ನೋಡಿದಳು. ಬೋಳಾದ ಗೋಡೆಯನ್ನು ನೋಡಿದಳು. ಸೆರಗು ಸಿಕ್ಕಿಸಿಕೊಂಡಳು.

“ಕೆಳಗೇ ಕಳಿಸು. ಬೂಟು ಬಿಚ್ಚಿಟ್ಟು ಬರೋಕೆ ಹೇಳು.”