ರಂಜಕದ ಚೌಕ

ಇಂದುಮತಿ ಟೀಚರ್ ಹಾಜರಿ ಕೂಗಿದರೆ ಮಕ್ಕಳು 'ಎಸ್ ಟೀಚರ್' ಅನ್ನುತ್ತಿರಲಿಲ್ಲ. ಒಬ್ಬೊಬ್ಬರ ಪಾಲಿಗೆ ಒಂದೊಂದು ಧಾತು. ಅದರ ಹೆಸರು, ಸಂಕೇತ ಹೇಳಿದರೆ ಅದೇ ಹಾಜರಿ.

"ಸೋಡಿಯಂ, ಎನ್‌ಎ!" ಎಂದು ಬಸು ಕೂಗಿದ.

"ರಂಜಕ, ಪಿ!" ಎಂದು ಕಾಶವ್ವ ಎದ್ದಳು.

"ಕುಂದ್ರವಾ, ಅದು ಮುಗೀತು," ಎನ್ನುತ್ತ ಇಲಾಖೆಯ ಹುಲಕೋಟಿ ಸಾಹೇಬರು ಕರಿ ಕಾಗದ, ಗೋಂದಿನ ಡಬ್ಬಿ ಹಿಡಿದು ಒಳಗೆ ಬಂದರು. ಭೂಮಿಯಲ್ಲಿ ಯಾವ ಧಾತುವಿನ ಗಣಿ ಬರಿದಾದರೂ ಗೋಡೆಯ ಧಾತುಗಳ ಪಟದಲ್ಲಿ ಅದರ ಚೌಕ ಮುಚ್ಚುವುದು ಅವರ ಕೆಲಸ. ಬೆಳ್ಳಿಯ ಚೌಕ ಮುಚ್ಚುವ ಮೊದಲು ಇದೇ ಇಲಾಖೆ ಮನೆಮನೆಗೆ ಬಂದು ಹೆಂಗಸರ ಕಾಲುಂಗುರ ಬಿಚ್ಚಿಸಿ ಒಯ್ದಿತ್ತು. ಆಗ ಟೀಚರ್ ಹಲ್ಲು ಕಚ್ಚಿ ಸುಮ್ಮನಿದ್ದರು. ಇವತ್ತು ಆಗಲಿಲ್ಲ.

"ಮುಗೀತಂತ ಯಾರ್ ಹೇಳ್ಯಾರ್ರೀ ನಿಮಗ?" ಡಸ್ಟರನ್ನು ಮೇಜಿಗೆ ಕುಕ್ಕಿದರು. "ಗಣಿಯೊಳಗ ಇಲ್ಲಂದ್ರ ಜಗತ್ತಿನಾಗೇ ಇಲ್ಲೇನು? ನಾಚಿಕಿ ಬ್ಯಾಡಾ ನಿಮ್ಮ ಇಲಾಖೆಗೆ? ಈ ಕೂಸಿನ ಎಲುಬಿನಾಗ ಐತ್ರೀ ರಂಜಕ! ಇಲ್ಲಿ ಕುಂತ ಎಲ್ಲಾ ಹುಡುಗರ ಹಲ್ಲಿನಾಗ, ಎಲುಬಿನಾಗ ಐತಿ!"

ಗೋಂದು ಹಚ್ಚುತ್ತಿದ್ದ ಸಾಹೇಬರ ಕೈ ನಿಂತಿತು. ಅವರು ಬೆಂಚುಗಳ ಮೇಲೆ ನಿಧಾನವಾಗಿ ಕಣ್ಣು ಹಾಯಿಸಿದರು.

"ಹೌದೇನ್ರೀ? ಒಬ್ಬೊಬ್ಬರಾಗ ಎಷ್ಟ್ ಇರಬಹುದ್ರೀ, ಟೀಚರ್?"

ಟೀಚರ್ ಅವರ ಕೈಯಿಂದ ಕರಿ ಕಾಗದ ಕಸಿದುಕೊಂಡು, ರಂಜಕದ ಚೌಕದ ಮೇಲೆ ತಾವೇ ಒತ್ತಿ ಅಂಟಿಸಿದರು.

"ಮುಗದೈತಿ," ಎಂದರು. "ಕಾಶವ್ವಾ, ಕುಂದ್ರು."