ಹನ್ನೊಂದು ಆನೆಗಳ ಪ್ರಶ್ನೆ

ಮಗಳು ಊಟದ ಮೇಜಿನ ಮೇಲೆ ಬಿಟ್ಟುಹೋದ ಹಾಳೆಯನ್ನು ಅಮ್ಮ ಎರಡನೇ ಸಲ ಓದಿದಳು. ಅನುಮಾನವೇ ಇರಲಿಲ್ಲ.

‘ಸಾಲಾಗಿ ನಿಂತಿರುವ ಹನ್ನೊಂದು ಆನೆಗಳನ್ನು ತೂಕದ ಪ್ರಕಾರ ನಿಲ್ಲಿಸುವ ಪ್ರೋಗ್ರಾಂ ಬರೆಯಿರಿ. ಒಂದು ಸಲಕ್ಕೆ ಅಕ್ಕಪಕ್ಕದ ಎರಡು ಆನೆಗಳನ್ನು ಮಾತ್ರ ಅದಲುಬದಲು ಮಾಡಬಹುದು.’

ಇದೇ ಪ್ರಶ್ನೆಯನ್ನು, ಒಂದು ಚುಕ್ಕೆಯೂ ಬದಲಾಗದಂತೆ, ‘ಗುಬ್ಬಿ’ ಎಂಬ ಹೆಸರಿನಲ್ಲಿ ಯಾರೋ ಅಂತರ್ಜಾಲದ ವೇದಿಕೆಯಲ್ಲಿ ಕೇಳಿದ್ದರು. ಪಠ್ಯಪುಸ್ತಕದಲ್ಲಿ ಆನೆಗಳಿರಲಿಲ್ಲ. ಪ್ರೋಗ್ರಾಮಿನೊಳಗೆ ಆನೆ ನುಗ್ಗಿಸುವವರು ಲೋಕದಲ್ಲಿ ಮಗಳ ಕಾಲೇಜಿನ ಮೇಷ್ಟ್ರು ಒಬ್ಬರೇ ಇರಬೇಕು.

“ಯಾವಾಗ ಕೊಟ್ಟಿದ್ದು ಇದು?” ಎಂದು ಕೇಳಿದಳು.

“ಇವತ್ತೇ,” ಎಂದಳು ಮಗಳು ಅಡುಗೆಮನೆಯಿಂದ.

ಇವತ್ತು ಸೋಮವಾರ. ಗುಬ್ಬಿ ಕೇಳಿದ್ದು ಶನಿವಾರ. ಎರಡು ದಿನ ಹಾಳೆ ಬಚ್ಚಿಟ್ಟುಕೊಂಡಿದ್ದಾಳೆ ಕಳ್ಳಿ, ಅಂದುಕೊಂಡಳು ಅಮ್ಮ.

ಅಮ್ಮನ ಕಸುಬು ಲಿಫ್ಟುಗಳಿಗೆ ಪ್ರೋಗ್ರಾಂ ಬರೆಯುವುದು. ಯಾವ ಮಹಡಿಯವರು ಮೊದಲು, ಯಾರು ಕಾಯಬೇಕು ಎಂದು ತೀರ್ಮಾನಿಸಿ ತೀರ್ಮಾನಿಸಿ ಸ್ವಭಾವವೂ ಹಾಗೇ ಆಗಿತ್ತು. ಪ್ರೋಗ್ರಾಂ ಬರೆಯುವವರು ಒಬ್ಬರಿಗೊಬ್ಬರು ನೆರವಾಗುವ ಆ ವೇದಿಕೆಯಲ್ಲಿ ಒಂಬತ್ತು ವರ್ಷಗಳಿಂದ ಅವಳ ಹೆಸರು ‘ಕತ್ತರಿ’. ಹೋಂವರ್ಕ್ ಪ್ರಶ್ನೆ ಕಂಡರೆ ಕಚಕ್. ಮನೆಯಲ್ಲಿ ಯಾರಿಗೂ ಈ ಹೆಸರು ಗೊತ್ತಿರಲಿಲ್ಲ.

ಗುಬ್ಬಿಯ ವಿಷಯದಲ್ಲಿ ಮಾತ್ರ ಕತ್ತರಿ ಸ್ವಲ್ಪ ಮೊಂಡಾಗಿತ್ತು. ಅಷ್ಟು ವಿನಯ. ‘ಉತ್ತರ ಬೇಡ, ದಾರಿ ಹೇಳಿ’ ಎನ್ನುತ್ತಿತ್ತು. ‘ಇದರಲ್ಲಿ ಜನ ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ?’ ಎಂದೂ ಕೇಳುತ್ತಿತ್ತು. ಈ ಕಾಲದಲ್ಲೂ ಇಂಥ ವಿದ್ಯಾರ್ಥಿ ಇದೆಯಲ್ಲ ಎಂದು ಅಮ್ಮ ಮನಸೋತು, ಪ್ರತಿ ಪ್ರಶ್ನೆಗೂ ಒಂದು ಮರುಪ್ರಶ್ನೆ ಹಾಕಿ ದಾರಿ ತೋರಿಸಿದ್ದಳು. ‘ಪೆನ್ನು ಹಿಡಿ. ಕಾಗದದ ಮೇಲೆ ಮೊದಲು ನೀನೇ ಕಂಪ್ಯೂಟರ್ ಆಗು’ ಎನ್ನುವುದು ಅವಳ ಮಾಮೂಲಿ ಮಾತು.

ಈಗ ನೋಡಿದರೆ ಮಗಳು ಮೇಜಿಗೆ ಬಂದು ಕೂತು, ಕಂಪ್ಯೂಟರ್ ಮುಟ್ಟದೆ, ಕಾಗದದ ಮೇಲೆ ಹನ್ನೊಂದು ಚೌಕ ಬರೆಯುತ್ತಿದ್ದಾಳೆ.

“ಏನೇ ಅದು?”

“ಮೊದಲು ನಾನೇ ಕಂಪ್ಯೂಟರ್ ಆಗ್ಬೇಕಂತೆ.”

“ಯಾರು ಹೇಳ್ಕೊಟ್ರು?”

“ನಮ್ಮ ಸರ್. ಏನು ಕೇಳಿದ್ರೂ ಉತ್ತರ ಕೊಡಲ್ಲ ಅಮ್ಮ ಅವರು, ತಿರುಗಿ ನಮಗೇ ಪ್ರಶ್ನೆ ಹಾಕ್ತಾರೆ.”

ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಸುಳ್ಳು. ತನ್ನ ಮಾತನ್ನು ತನಗೇ ತಿರುಗಿಸಿ ಹೇಳುತ್ತಿದ್ದಾಳೆ ಮಗಳು. ನೇರವಾಗಿ ಕೇಳಬಹುದಿತ್ತು. ಆದರೆ ಕಣ್ಣಲ್ಲಿ ಕಣ್ಣಿಟ್ಟು ಇನ್ನೊಂದು ಸುಳ್ಳು ಹೇಳಿಬಿಟ್ಟರೆ?

ಅದೇ ವಾರ ವೇದಿಕೆಯಲ್ಲಿ ಹಳೆಯ ಜಗಳ ಮತ್ತೆ ಎದ್ದಿತು. ಹೋಂವರ್ಕಿಗೆ ಉತ್ತರಿಸಬೇಕೋ ಬೇಡವೋ? ಬಾಯಾರಿ ಬಂದವರಿಗೆ ನೀರು ಕೊಡಿ, ಊರು ಕೇರಿ ವಿಚಾರಿಸಬೇಡಿ ಎಂದಿತು ಒಂದು ಪಕ್ಷ. ತುತ್ತು ಮಾಡಿ ಬಾಯಿಗಿಟ್ಟರೆ ಹಲ್ಲು ಬರುವುದು ಯಾವಾಗ ಎಂದಿತು ಇನ್ನೊಂದು. ಮೇಲ್ವಿಚಾರಕರು ಏಳು ಜನ. ಮೂವರು ಅತ್ತ, ಮೂವರು ಇತ್ತ. ಉಳಿದದ್ದು ಕತ್ತರಿಯ ಮತ.

ಅವಳು ಬೇಡ ಎಂದು ಒತ್ತಿದಳು. ಹೊಸ ನಿಯಮದಡಿ ಮೊದಲು ಹೊರಬಿದ್ದದ್ದು ಗುಬ್ಬಿ. ಅದರ ಕೊನೆಯ ಸಂದೇಶ ಚಿಕ್ಕದು: ‘ನಿಮ್ಮಿಂದ ತುಂಬಾ ಕಲಿತೆ. ಸೋಮವಾರ ಹೇಗೆ ಮುಖ ತೋರಿಸಲಿ ಎನ್ನುವುದೊಂದೇ ಚಿಂತೆ.’

ಸೋಮವಾರ ಸಂಜೆ ಅಮ್ಮ ಮಗಳ ಮುಖವನ್ನೇ ನೋಡಿದಳು. ಮುಖದಲ್ಲಿ ಏನೂ ಇರಲಿಲ್ಲ. ಸರ್ ಇವತ್ತು ಹಳೆ ಪಾಠವನ್ನೇ ಮತ್ತೆ ಮಾಡಿದರು, ಯಾಕೋ ಮಂಕಾಗಿದ್ದರು ಎಂದಷ್ಟೇ ಹೇಳಿ ಮಗಳು ಚಪಾತಿ ಮುರಿದಳು. ಆಮೇಲೆ ನೆನಪಾದಂತೆ, ಆನೆಗಳ ಪ್ರೋಗ್ರಾಮಿಗೆ ತರಗತಿಯಲ್ಲಿ ತನಗೇ ಮೊದಲ ಸ್ಥಾನ ಬಂತು, ಕಾಲೇಜಿನ ಪರವಾಗಿ ಸ್ಪರ್ಧೆಗೆ ಕಳಿಸುತ್ತಾರಂತೆ ಎಂದಳು.

ಅಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಅರ್ಧ ತಾನೇ ಹೇಳಿಕೊಟ್ಟ ಪ್ರೋಗ್ರಾಂ. ಬೇರೆ ಯಾರದೋ ಮಗುವಿನ ಜಾಗ.

ಮಾರನೆಯ ದಿನ ಅರ್ಧ ದಿನ ರಜೆ ಹಾಕಿ ಕಾಲೇಜಿಗೆ ಹೋದಳು. ಮೇಷ್ಟ್ರ ಕೋಣೆಯ ತುಂಬ ಸುತ್ತಿಟ್ಟ ನಕಾಶೆಗಳು, ಬಾಗಿಲಿಗೆ ಅಡ್ಡವಾಗಿ ಒಂದು ಭೂಗೋಳದ ಗೋಲ. ಮೇಷ್ಟ್ರಿಗೆ ಐವತ್ತು ದಾಟಿತ್ತು. ಅಂಗಿಯ ತೋಳಿಗೆ ಚಾಕ್‌ಪುಡಿ. ಅದನ್ನು ಸರಿಸಿ ಇದನ್ನು ಸರಿಸಿ ಅವಳಿಗೊಂದು ಕುರ್ಚಿ ಮಾಡಿಕೊಟ್ಟರು.

ಅಮ್ಮ ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದಳು. ವೇದಿಕೆ, ಗುಬ್ಬಿ, ಆನೆಗಳು, ಶನಿವಾರ. ಕತ್ತರಿ ಎಂದರೆ ತಾನೇ ಎಂದಳು. ಮಗಳನ್ನು ಸ್ಪರ್ಧೆಗೆ ಕಳಿಸಬೇಡಿ, ಅದು ಕದ್ದ ಗೆಲುವು. ಆದರೆ ಹುಡುಗಿಯನ್ನು ಎಲ್ಲರೆದುರು ಅವಮಾನ ಮಾಡಬೇಡಿ ಎಂದು ಹೇಳುವಾಗ ದನಿ ಒಡೆಯಿತು. ಹೇಳಿ ಮುಗಿಸಿ ಬಾಗಿಲ ಕಡೆ ತಿರುಗಿದಳು.

ಮೇಷ್ಟ್ರು ಅವಳಿಗಿಂತ ಮೊದಲು ಹೋಗಿ ಬಾಗಿಲು ಹಾಕಿದರು. ಕಿವಿಯವರೆಗೆ ಕೆಂಪಾಗಿದ್ದರು.

“ಕತ್ತರಿ ನೀವೇನಾ? ಹಾಗಾದ್ರೆ ದಯವಿಟ್ಟು ಹೋಗ್ಬೇಡಿ, ಕೂತ್ಕೊಳ್ಳಿ. ನಿಮ್ಮ ಮಗಳು ಯಾರನ್ನೂ ಏನೂ ಕೇಳಿಲ್ಲ. ಪ್ರೋಗ್ರಾಮಿಂಗ್‌ನವರು ಕೆಲಸ ಬಿಟ್ರು, ಪ್ರಿನ್ಸಿಪಾಲರು ಪುಸ್ತಕ ತಂದು ನನ್ನ ಕೈಗಿಟ್ರು, ನಾನು ಭೂಗೋಳದವನು. ನಾಳೆ ಒಂಬತ್ತಕ್ಕೆ ಕ್ಲಾಸಿದೆ, ಮುಂದಿನ ಪಾಠ ಇನ್ನೂ ತಲೆಗೆ ಹೋಗಿಲ್ಲ. ಆ ಗುಬ್ಬಿ ನಾನೇ, ಮೇಡಂ.”