ಕೊನೆಯ ರೈಡಿನ ಟ್ಯೂನ್

ಇಪ್ಪತ್ತೇಳು–ಇಪ್ಪತ್ತೇಳು. ಕಬಡ್ಡಿ ಫೈನಲ್‌ನಲ್ಲಿ ಉಳಿದದ್ದು ಒಂದೇ ರೈಡು. ಬಾಪೂಜಿ ನಗರದ ಮೈದಾನದಲ್ಲಿ ಜಾಗ ಸಿಗದವರು ಕಾಂಪೌಂಡ್ ಗೋಡೆ ಹತ್ತಿ ಕೂತಿದ್ದರು. ಸ್ಪೀಕರಿನಲ್ಲಿ ಆ ಹಳೆಯ ಬಾಕ್ಸಿಂಗ್ ಸಿನಿಮಾದ ಟ್ಯೂನ್ ಮೊಳಗುತ್ತಿತ್ತು. ಧನ್ಯಶ್ರೀ ಆ ಸಿನಿಮಾ ನೋಡಿದವಳಲ್ಲ. ಅವಳು ಹುಟ್ಟುವ ಮೊದಲೇ ಬಂದು ಹೋದದ್ದು. ಆದರೆ ಅವಳ ಬೆಳಗಿನ ಓಟ, ಬಸ್ಕಿ, ಹಿಂದಿನ ಎರಡು ಫೈನಲ್‌ಗಳ ಸೋಲು, ಎಲ್ಲಕ್ಕೂ ಅದೇ ಹಿನ್ನೆಲೆ ಸಂಗೀತ.

"ಈ ಸಲಾನೂ ಬಿನ್ನಿಪೇಟೆಯವರೇ ಕಪ್ ಎತ್ಕೊಂಡು ಹೋದ್ರೆ ನಾವು ತಲೆ ಎತ್ತಿ ಓಡಾಡೋ ಹಾಗಿಲ್ಲ ಕಣೇ," ಕೋಚ್ ಅಂಬುಜಾ ಅವಳ ಮೊಣಕಾಲಿನ ಪಟ್ಟಿ ಬಿಗಿದರು. "ಒಬ್ಬಳನ್ನ ಮುಟ್ಟು, ವಾಪಸ್ ಬಾ. ಹೀರೋಯಿನ್ ಆಗೋಕ್ ಹೋಗ್ಬೇಡ."

"ಆಗೇ ಆಗ್ತೀನಿ ಮಿಸ್."

ಅಂಪೈರ್ ಚಕ್ರಪಾಣಿ ಕೈ ಎತ್ತಿದರು. ರೈಡ್ ಶುರುವಾದರೆ ಸ್ಪೀಕರ್ ನಿಲ್ಲಬೇಕು. ರೈಡರ್ ಎಡೆಬಿಡದೆ 'ಕಬಡ್ಡಿ, ಕಬಡ್ಡಿ' ಅನ್ನುವುದು ಅವರ ಕಿವಿಗೆ ಬೀಳಬೇಕು. ಸ್ಪೀಕರ್ ನಿಂತಿತು. ಜನ ನಿಲ್ಲಲಿಲ್ಲ. ಗೋಡೆಯ ಮೇಲಿದ್ದವರು, ಚುರುಮುರಿ ಗಾಡಿಯವನು, ಕೊನೆಗೆ ಬಿನ್ನಿಪೇಟೆ ಹುಡುಗಿಯರ ಅಮ್ಮಂದಿರು ಕೂಡ ಚಪ್ಪಾಳೆ ತಟ್ಟುತ್ತ ಬಾಯಲ್ಲೇ ಟ್ಯೂನ್ ಎತ್ತಿಕೊಂಡರು: ಪಾಂ... ಪಪಾಂ... ಪಾಂ...

ಧನ್ಯಶ್ರೀ ನುಗ್ಗಿದಳು. ಬಲಗಡೆಯವಳ ಭುಜಕ್ಕೆ ಕೈ ಬಿತ್ತು. ಇಬ್ಬರು ಹಾರಿ ಅವಳ ಕಾಲು ಹಿಡಿದರು. ಮೈಯೆಲ್ಲ ಬೆಂಕಿ ಹೊತ್ತಿಕೊಂಡಂತಿತ್ತು. ಇಬ್ಬರನ್ನೂ ಎಳೆದುಕೊಂಡೇ ಅವಳು ಮಣ್ಣಿನಲ್ಲಿ ತೆವಳಿದಳು. ಬೆರಳ ತುದಿ ನಡುಗೆರೆ ಮುಟ್ಟಿತು. ಗೋಡೆಯ ಮೇಲಿದ್ದವರು ದಬದಬನೆ ಕೆಳಗೆ ಧುಮುಕಿದರು.

ಸೀಟಿ ಮೊಳಗಿತು. ಚಕ್ರಪಾಣಿಯವರ ಕೈ ಬಿನ್ನಿಪೇಟೆಯ ಕಡೆಗೆ ಚಾಚಿತ್ತು.

"ಸಾರ್, ಮೂರು ಜನ ಸಾರ್! ಗೆರೆ ಮುಟ್ಟಿದೀನಿ, ನೋಡಿ!"

"ಮುಟ್ಟಿದೀಯಮ್ಮಾ. ಆದ್ರೆ ಅರ್ಧಕ್ಕೇ ಕಬಡ್ಡಿ ಅನ್ನೋದು ಬಿಟ್ಟೆ. ಆಮೇಲೆ ಬಾಯಲ್ಲಿ ಏನು ಬಂತು, ನೀನೇ ಹೇಳು."

ಅವಳು ಹೇಳಲು ಹೋದಳು. ತುಟಿಗಳು ಇನ್ನೂ 'ಪಪಾಂ' ಎನ್ನುವ ಆಕಾರದಲ್ಲೇ ಇದ್ದವು.

ಅಂಬುಜಾ ಓಡಿ ಬಂದರು. "ಇಡೀ ಗ್ರೌಂಡೇ ಹಾಡ್ತಿದ್ರೆ ಯಾರ ಬಾಯಿಗೆ ತಾನೇ ಬರಲ್ಲ ಸಾರ್?"

"ರೂಲ್ಸ್ ಅಂದ್ರೆ ರೂಲ್ಸ್ ಮೇಡಂ. ಹಾಡೋಕೆ ಬೇರೆ ಸ್ಪರ್ಧೆ ಇದೆ."

ಜನರ ಹಾಡು ನಿಂತುಹೋಗಿತ್ತು. ಚಕ್ರಪಾಣಿ ಹಾಳೆಯಲ್ಲಿ ಬಿನ್ನಿಪೇಟೆಯ ಹೆಸರಿನ ಮುಂದೆ ಇಪ್ಪತ್ತೆಂಟು ಎಂದು ಬರೆದರು. ಮಣ್ಣಿನಲ್ಲೇ ಬಿದ್ದಿದ್ದ ಧನ್ಯಶ್ರೀಯ ಕಣ್ಣೆದುರಿಗೆ ಅವರ ಬಿಳಿ ಬೂಟು ಇತ್ತು. ಅದು ಸುಣ್ಣದ ಗೆರೆಯ ಮೇಲೆ ಮೆಲ್ಲಗೆ ಅದೇ ಟ್ಯೂನಿಗೆ ತಾಳ ಹಾಕುತ್ತಿತ್ತು.